ಲೆಂಪಿ ಕೈಬಿಟ್ಟ ಪದ್ಯ

ಲೆಂಪಿ ಕಾಂಗಸ್ ಸತ್ತಾಗ ಸರೋವರದ ಆಚೆ ದಡದ ಪತ್ರಿಕೆಯವರು ಬರೆದದ್ದು ಹನ್ನೊಂದು ಸಾಲು. ಅದರಲ್ಲೇ ಎರಡು ತಪ್ಪು. ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ ಎಂದು ಬರೆದಿದ್ದರು. ಅವಳು ಹುಟ್ಟಿದ್ದು ಇಲ್ಲೇ, ಕ್ರೇನ್ ದ್ವೀಪದಲ್ಲಿ, ಅಪ್ಪನ ಮೀನಿನ ಶೆಡ್ಡಿಗೆ ಅಂಟಿಕೊಂಡಿದ್ದ ಮನೆಯಲ್ಲಿ. ಹತ್ತಿರದ ಬಂಧುಗಳು ಯಾರೂ ಇಲ್ಲ ಎಂದು ಬರೆದಿದ್ದರು. ಅಕ್ಕ ಹೆಲ್ವಿ ನಾಲ್ಕು ಮನೆ ಆಚೆಗೇ ಇದ್ದಳು. ಈ ಎರಡನೆಯ ತಪ್ಪಿಗೆ ಪತ್ರಿಕೆಯವರನ್ನು ಬೈದು ಪ್ರಯೋಜನವಿಲ್ಲ. ಆ ಅಕ್ಕತಂಗಿಯರು ಮಾತು ಬಿಟ್ಟು ಇಪ್ಪತ್ತಮೂರು ವರ್ಷವಾಗಿತ್ತು.

ನಾನು ಬರ್ನಿಸ್. ಈ ದ್ವೀಪದ ಅಂಚೆ ಕಚೇರಿಯಲ್ಲಿ ನಲವತ್ತೊಂದು ವರ್ಷ ಕೂತು ಸೊಂಟ ಹಾಳು ಮಾಡಿಕೊಂಡವಳು. ಪದ್ಯದ ಬಗ್ಗೆ ನನಗೆ ತಿಳಿದದ್ದು ಅಷ್ಟಕ್ಕಷ್ಟೆ. ಆದರೆ ಲೆಂಪಿಯ ಪದ್ಯಗಳು ಹೋದದ್ದೂ ಬಂದದ್ದೂ ನನ್ನ ಕೈಯಿಂದಲೇ. ಅವಳಿಗೆ ಕೊನೆಯ ಸಲಹೆ ಕೊಟ್ಟವಳೂ ನಾನೇ. ಅದನ್ನು ಹೇಳಬೇಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಮರಗಳ ವಿಷಯ ಹೇಳಬೇಕು. ನಮ್ಮಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಮರವನ್ನು ಯಾರೂ ಬಿಸಾಡುವುದಿಲ್ಲ. ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿ ಗಟ್ಟಿಯಾದ ಮೇಲೆ ದಡಕ್ಕೆ ತಂದು ರಾಶಿ ಹಾಕುತ್ತೇವೆ. ದ್ವೀಪದ ಒಬ್ಬ ಮನುಷ್ಯ ಮಂಜುಗಡ್ಡೆಗೆ ತೂತು ಕೊರೆದು, ದಪ್ಪ ಅಳೆದು, ನಂಬಬಹುದಾದ ಕಡೆ ನೂರು ಹೆಜ್ಜೆಗೊಂದರಂತೆ ಆ ಮರಗಳನ್ನು ನೆಡುತ್ತಾ ನಾಲ್ಕು ಮೈಲಿ ಆಚೆಯ ದಡ ಸೇರುತ್ತಾನೆ. ಮೂರು ತಿಂಗಳು ಅದೇ ನಮ್ಮ ರಸ್ತೆ. ಎಂಥ ಹಿಮ ಬೀಳುತ್ತಿದ್ದರೂ ಮುಂದಿನ ಮರ ಕಂಡರೆ ಸಾಕು, ಹೆಜ್ಜೆ ಇಡುತ್ತೇವೆ. ಎಲ್ಲಾದರೂ ನೀರಿನ ಸೆಳೆತಕ್ಕೆ ಕೆಳಗಿನಿಂದ ಮಂಜುಗಡ್ಡೆ ಸವೆದರೆ, ಆ ಕಡೆಯ ಮರಗಳನ್ನು ಕಿತ್ತು ಬಳಸು ದಾರಿಯಲ್ಲಿ ನೆಡಬೇಕು. ಅದು ನಾಳೆಗೆ ಇಟ್ಟುಕೊಳ್ಳುವ ಕೆಲಸವಲ್ಲ.

ಲೆಂಪಿಯ ಅಪ್ಪ ಓಸ್ಕರ್ ಇಪ್ಪತ್ತು ವರ್ಷ ಆ ಕೆಲಸ ಮಾಡಿದ. ಫಿನ್‌ಲ್ಯಾಂಡಿನಿಂದ ಬಂದವರ ಮಗ, ಮೀನು ಹಿಡಿಯುವವನು, ಹೆಂಡತಿ ತೀರಿಹೋಗಿದ್ದಳು. ಮೂವರು ಮಕ್ಕಳು: ಹೆಲ್ವಿ, ಆರ್ವೋ, ಲೆಂಪಿ. ಆರ್ವೋ ಆಚೆ ದಡದ ಮರದ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ. ಶುಕ್ರವಾರ ಸಂಜೆ ನಡೆದು ಮನೆಗೆ ಬರುತ್ತಿದ್ದ. ಸಾವಿರದ ಒಂಬೈನೂರ ಅರವತ್ತೊಂಬತ್ತರ ಮಾರ್ಚ್ ತಿಂಗಳ ಒಂದು ಶುಕ್ರವಾರ ಅವನು ಬರಲಿಲ್ಲ. ಹಿಮ ನಿಂತ ಮೇಲೆ ಹುಡುಕಲು ಹೋದವರಿಗೆ ನಮ್ಮ ಕಡೆಯಿಂದ ಎಣಿಸಿದರೆ ಒಂಬತ್ತನೆಯ ಮರದವರೆಗೆ ಅವನ ಹೆಜ್ಜೆ ಸಿಕ್ಕಿತು, ಅಲ್ಲಿಂದ ಈಚೆಗೆ ಕಪ್ಪು ನೀರು. ಆ ಜಾಗದ ಮರಗಳನ್ನು ಹಿಂದಿನ ದಿನವೇ ಕೀಳಬೇಕಿತ್ತು. ಯಾಕೆ ಕೀಳಲಿಲ್ಲ ಎಂದು ಜನ ಕೇಳಿದರು.

"ಮರೆತೆ" ಎಂದ ಓಸ್ಕರ್. ಬೇರೆ ಒಂದು ಮಾತೂ ಇಲ್ಲ.

ಮರುವರ್ಷ ಮರ ನೆಡಲು ಅವನನ್ನು ಯಾರೂ ಕರೆಯಲಿಲ್ಲ. ಯಾರೂ ಬೈಯಲೂ ಇಲ್ಲ, ನಮ್ಮ ಜನ ಹಾಗೆಲ್ಲ ಬೈಯುವವರಲ್ಲ. ಅಂಗಡಿಗೆ ಅವನು ಬಂದರೆ ಮಾತು ಹವಾಮಾನದ ಕಡೆ ತಿರುಗುತ್ತಿತ್ತು, ಅಷ್ಟೆ. ಮಗನನ್ನು ಮರೆತು ಕೊಂದವನು ಎಂಬ ಹೆಸರು ಹೊತ್ತು ಹದಿನಾಲ್ಕು ವರ್ಷ ಬದುಕಿ ಸತ್ತ. ಅಷ್ಟು ವರ್ಷ ಅವನು ದಡದ ಕಡೆ ಮುಖ ಹಾಕಿದ್ದನ್ನು ನಾನು ನೋಡಲಿಲ್ಲ.

ಲೆಂಪಿ ಓದಿನಲ್ಲಿ ಜಾಣೆ. ವಿದ್ಯಾರ್ಥಿವೇತನದಲ್ಲಿ ಓದಿ, ಇಲ್ಲಿಂದಲೇ ಹೋಗಿಬರುತ್ತಾ ಆಚೆ ದಡದ ಒಂದು ಸಣ್ಣ ಕಾಲೇಜಿನಲ್ಲಿ ಗಂಟೆ ಲೆಕ್ಕದ ಮೇಷ್ಟ್ರಾದಳು. ಕಾಯಂ ಆಗಲೇ ಇಲ್ಲ. ವೆಲ್ಡಿಂಗ್ ಕಲಿಯಲು ಬಂದವರಿಗೂ ನರ್ಸಿಂಗ್ ಕಲಿಯಲು ಬಂದವರಿಗೂ ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಹೇಳಿಕೊಡುವುದು ಅವಳ ಹೊಟ್ಟೆಪಾಡು. ಮದುವೆ ಆಗಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಅಡುಗೆಮನೆಯ ಮೇಜಿನ ಮೇಲೆ ಪದ್ಯ ಬರೆಯುವಳು, ತಿಂಗಳಿಗೆ ಎರಡು ಮೂರು ಲಕೋಟೆ ತಂದು ನನ್ನ ಮುಂದೆ ಇಡುವಳು.

ಆಗಿನ ರೂಢಿ ವಿಚಿತ್ರ. ಪತ್ರಿಕೆಗೆ ಪದ್ಯ ಕಳಿಸುವಾಗ ತನ್ನದೇ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಇನ್ನೊಂದು ಲಕೋಟೆಯನ್ನು ಒಳಗೆ ಮಡಿಚಿಡಬೇಕು. ಬೇಡವಾದ ಪದ್ಯಗಳು ಅದರಲ್ಲೇ ವಾಪಸ್ಸು ಬರುತ್ತವೆ. ಹಾಗಾಗಿ ಲೆಂಪಿಯ ಅಕ್ಷರದಲ್ಲಿ ಲೆಂಪಿಗೇ ಪತ್ರ ಬಂದರೆ ನನಗೆ ಒಡೆಯದೆಯೇ ಸುದ್ದಿ ಗೊತ್ತು.

"ನಿನ್ನ ಕೂಸುಗಳು ಮನೆಗೆ ಬಂದಿವೆ ಕಣೇ" ಎನ್ನುತ್ತಿದ್ದೆ.

"ಪಾಪ, ಹಸಿದಿರ್ತಾವೆ, ಕೊಡು" ಎನ್ನುವಳು. ಮರುವಾರ ಅವೇ ಕೂಸುಗಳು ಬೇರೆ ಊರಿಗೆ ಹೊರಡುತ್ತಿದ್ದವು.

ಅಲ್ಲೊಂದು ಇಲ್ಲೊಂದು ಅಚ್ಚಾದವು. ದೂರದ ಊರಿನಲ್ಲಿ ಪದ್ಯ ಓದಲು ಕರೆದರೆ ಬಸ್ಸಿನಲ್ಲಿ ಹನ್ನೆರಡು ಗಂಟೆ ಹೋಗಿ ಬರುತ್ತಿದ್ದಳು. ಒಮ್ಮೆ ಹೇಗಾಯ್ತೇ ಎಂದು ಕೇಳಿದೆ.

"ಆರು ಜನ ಬಂದಿದ್ರು. ಮೂವರು ಆಮೇಲಿನ ಯೋಗ ಕ್ಲಾಸಿಗೆ ಕಾಯ್ತಿದ್ರು. ಒಬ್ಬ ಬಾಗ್ಲು ತೆಗ್ದೋನು."

"ಇನ್ನಿಬ್ರು?"

"ಅವ್ರೂ ಪದ್ಯ ಬರೆಯೋರು. ನಾನು ಯಾವಾಗ ಬಾಯಿ ಮುಚ್ತೀನೋ ಅಂತ ಕಾಯ್ತಿದ್ರು."

ಹೀಗೆ ನಗುತ್ತಲೇ ಇಪ್ಪತ್ತು ವರ್ಷ ತಳ್ಳಿದಳು. ಅವಳ ಹಿಂದೆ ನಿಂತವಳು ಹೆಲ್ವಿಯೇ. ತಂಗಿಯ ಪದ್ಯ ಬಂದ ಪತ್ರಿಕೆಗಳನ್ನು ಬೈಬಲ್ಲಿನ ಪಕ್ಕ ಜೋಡಿಸಿ ಇಟ್ಟಿದ್ದಳು. "ನಂಗೇನೂ ಅರ್ಥ ಆಗಲ್ಲ ಬರ್ನಿಸ್, ಆದ್ರೂ ಹೆಸರು ನೋಡು, ಎಷ್ಟು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ" ಎಂದು ಕೌಂಟರಿನ ಮೇಲೆ ಹರಡಿ ತೋರಿಸುವಳು. ಹೆಲ್ವಿ ಡೇಲ್ ಎಂಬ ಬಡಗಿಯನ್ನು ಮದುವೆಯಾಗಿದ್ದಳು. ಆರ್ವೋ ಹೋದ ಮೇಲೆ ಅವಳು ಮಂಜುಗಡ್ಡೆಯ ಮೇಲೆ ಕಾಲಿಟ್ಟವಳಲ್ಲ. ಚಳಿಗಾಲದಲ್ಲಿ ಆಚೆ ಹೋಗಲೇಬೇಕಾದರೆ ಸಣ್ಣ ವಿಮಾನ ಹಿಡಿಯುವಳು.

ನಲವತ್ತಮೂರನೆಯ ವಯಸ್ಸಿನಲ್ಲಿ ಲೆಂಪಿಯ ಪುಸ್ತಕ ಬಂತು. ಸ್ಪರ್ಧೆಯೊಂದಕ್ಕೆ ಹಸ್ತಪ್ರತಿ ಕಳಿಸಿದ್ದಳು, ಗೆದ್ದಿತು. ಪುಸ್ತಕದ ಹೆಸರು 'ಒಂಬತ್ತನೆಯ ಮರ'. ತಮ್ಮನ ಬಗ್ಗೆ ಇರಬೇಕು, ಇರಲಿ ಎಂದುಕೊಂಡು ಹೆಲ್ವಿ ಸಂಭ್ರಮಪಟ್ಟಳು. ತೊಂಬತ್ತಾರರ ಏಪ್ರಿಲ್‌ನಲ್ಲಿ ನಮ್ಮ ಗ್ರಂಥಾಲಯದಲ್ಲಿ ಕಾರ್ಯಕ್ರಮ ಇಟ್ಟರು. ಹೆಲ್ವಿ ಏಲಕ್ಕಿ ಹಾಕಿ ಜಡೆಯ ಹಾಗೆ ಹೆಣೆದ ಬ್ರೆಡ್ಡನ್ನು ಎರಡು ತಟ್ಟೆ ಮಾಡಿ ತಂದಳು, ಕಾಫಿಗೂ ತಾನೇ ನಿಂತಳು. ನಲವತ್ತು ಜನ ಸೇರಿದ್ದರು.

ಪುಸ್ತಕಕ್ಕೆ ಹೆಸರು ಕೊಟ್ಟ ಆ ಪದ್ಯ ಓದಬಾರದೆಂದೇ ಲೆಂಪಿ ಬಂದಿದ್ದಳು. ಅದನ್ನು ಆಮೇಲೆ ನನ್ನ ಬಳಿ ಆಣೆ ಮಾಡಿ ಹೇಳಿದಳು, ನಾನು ನಂಬಿದೆ. ಬೇರೆ ಬೇರೆ ಪದ್ಯ ಓದಿದಳು. ಕೊನೆಗೆ ಶಾಲೆಯ ಹಳೆಯ ಟೀಚರಮ್ಮ ಕೈ ಎತ್ತಿ, "ಪ್ರೈಜ್ ಬಂದದ್ದನ್ನ ಓದಮ್ಮ, ಅದಕ್ಕೇ ಅಲ್ವಾ ನಾವು ಬಂದಿರೋದು?" ಎಂದರು. ಲೆಂಪಿ ಇಲ್ಲವೆನ್ನಬಹುದಿತ್ತು. ಗಂಟಲು ನೋವು ಎನ್ನಬಹುದಿತ್ತು. ಅವಳು ಪುಟ ತಿರುವಿ ಓದಿದಳು.

ಮೂವತ್ತೊಂದು ಸಾಲಿನ ಪದ್ಯ. ನನಗೂ ಅರ್ಥವಾಗುವಷ್ಟು ಸರಳ. ಅದರಲ್ಲಿ ಆರ್ವೋ ಹಿಮದಲ್ಲಿ ಮರದಿಂದ ಮರಕ್ಕೆ ನಡೆದು ಬರುತ್ತಾನೆ. ಒಂಬತ್ತನೆಯ ಮರದ ಬಳಿ ನಿಂತು ಟೋಪಿ ತೆಗೆದು ಹಿಮ ಕೊಡವುತ್ತಾನೆ, ಊರಿನ ದೀಪ ಕಂಡು ನಗುತ್ತಾನೆ. ಆಮೇಲೆ ಅಡುಗೆಮನೆ ಬರುತ್ತದೆ. ಗುರುವಾರ ಜ್ವರದಲ್ಲಿ ಮಲಗಿದ ಅಪ್ಪ, ಆ ಕಡೆಯ ಹತ್ತು ಮರ ಕಿತ್ತು ಉತ್ತರಕ್ಕೆ ನೆಟ್ಟು ಬಾ ಎಂದು ಮಗಳಿಗೆ ಹೇಳುತ್ತಾನೆ. ಬೆಳಗ್ಗೆ ಹೋಗ್ತೀನಿ ಎನ್ನುತ್ತಾಳೆ ಮಗಳು. ಬೆಳಗ್ಗೆ ಅವಳನ್ನು ಪ್ರೀತಿಸುವ ಹುಡುಗ ಬಾಗಿಲಿಗೆ ಬರುತ್ತಾನೆ, ಮಧ್ಯಾಹ್ನ ಹೋದರಾಯಿತು ಎನಿಸುತ್ತದೆ. ಮಧ್ಯಾಹ್ನ ಹಿಮ ಶುರುವಾಗುತ್ತದೆ. ಮಿಲ್ಲಿನಲ್ಲಿ ಆವತ್ತು ಬೇಗ ಬಿಡುತ್ತಾರೆ.

ಕೊನೆಗೆ ಎರಡು ಸಾಲು ಹೀಗಿದ್ದವು:

ಸರದಿ ಹೆಲ್ವಿಯದು.
ಮರೆವು ಅಪ್ಪ ತನ್ನದೆಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಮುದುಕ ಗಸ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, "ಹಂಗಾದ್ರೆ ಮರೆತದ್ದು ಓಸ್ಕರ್ ಅಲ್ವೇ ಅಲ್ಲ?" ಎಂದ. ಹೆಲ್ವಿ ಕಾಫಿ ಪಾತ್ರೆಯ ನಲ್ಲಿ ಮುಚ್ಚಿದಳು. ಬ್ರೆಡ್ಡು ಅರ್ಧ ಉಳಿದಿದ್ದ ತಟ್ಟೆ ಎತ್ತಿಕೊಂಡು, ಕೋಟು ಹಾಕಿಕೊಳ್ಳದೆ, ಮನೆಗೆ ಹೋದಳು.

ಲೆಂಪಿಯನ್ನು ನಾನು ಸುಮ್ಮನೆ ಬಿಡಲಿಲ್ಲ.

"ನಿಂಗೆ ಬುದ್ಧಿ ಇದ್ಯೇನೇ? ಅವಳ ಕೈಯಿಂದ ಕಾಫಿ ಕುಡ್ದು, ಅವಳ ಎದುರಿಗೇ?"

"ಆ ಗುರುವಾರ ಅಡುಗೆಮನೇಲಿ ನಾನೂ ಇದ್ದೆ. ಅಪ್ಪ ಹದಿನಾಲ್ಕು ವರ್ಷ ಕೊಲೆಗಾರನ ಥರ ಬದುಕಿದ್ರು ಬರ್ನಿಸ್. ಅವರ ಹೆಸರು ತೊಳೆಯೋರು ಯಾರು?"

"ಹೆಲ್ವಿಗೆ ಮೊದ್ಲೇ ಹೇಳ್ಬಹುದಿತ್ತು."

"ಹೇಳಿದ್ರೆ ಬೇಡ ಅಂತಿದ್ಲು. ಬೇಡ ಅಂದಿದ್ರೆ ನಾನು ಬರೀತಾನೇ ಇರ್ಲಿಲ್ಲ. ಇಂಥ ಪುಸ್ತಕ ಇಲ್ಲಿಯವರು ಯಾರು ಓದ್ತಾರೆ ಅಂದ್ಕೊಂಡೆ." ಅದು ನಿಜ. ಪದ್ಯದ ಪುಸ್ತಕ ಎಂದರೆ ಬಾವಿಗೆ ಹಾಕಿದ ಕಲ್ಲು ಎಂದು ಅವಳಿಗೆ ಇಪ್ಪತ್ತು ವರ್ಷದ ಅನುಭವ ಹೇಳಿತ್ತು. ಆ ಒಂದು ಸಲ ಮಾತ್ರ ಅದು ಸುಳ್ಳಾಯಿತು.

ಆಮೇಲೆ ಆ ಪದ್ಯ ಅವಳನ್ನು ಊರೂರು ತಿರುಗಿಸಿತು. ಕಾಲೇಜುಗಳಲ್ಲಿ ಪಾಠಕ್ಕಿಟ್ಟರು. ಎಲ್ಲಿ ಹೋದರೂ ಅದನ್ನೇ ಓದು ಎನ್ನುತ್ತಿದ್ದರು. ಮುಂದಿನ ಎರಡು ಪುಸ್ತಕಗಳನ್ನು ಕೇಳುವವರಿರಲಿಲ್ಲ. ನನಗೆ ಎರಡನೆಯದೇ ಇಷ್ಟ, ಅದರಲ್ಲಿ ಮೀನು ಸೀಳುವ ಬಗ್ಗೆ ಒಂದು ಒಳ್ಳೆಯ ಪದ್ಯವಿದೆ, ನಗುವೂ ಬರುತ್ತದೆ. ಆದರೆ ಲೆಂಪಿ ಕಾಂಗಸ್ ಎಂದರೆ ಆ ಮರದ ಪದ್ಯ, ಅಷ್ಟೆ. ಅವಳ ಹೆಸರು ನಿಂತದ್ದು ಅಕ್ಕನನ್ನು ಕಳೆದುಕೊಂಡ ಜಾಗದ ಮೇಲೆ.

ಒಂದೇ ಬೀದಿಯ ಊರಿನಲ್ಲಿ ಇಪ್ಪತ್ತಮೂರು ವರ್ಷ ಮಾತಿಲ್ಲದೆ ಇರುವುದು ಸುಲಭವಲ್ಲ, ಅದಕ್ಕೂ ಶ್ರಮ ಬೇಕು. ಇಬ್ಬರ ಅಂಚೆ ಪೆಟ್ಟಿಗೆಗಳು ಅಕ್ಕಪಕ್ಕ. ಲೆಂಪಿ ಹತ್ತಕ್ಕೆ ಬರುವಳು, ಹೆಲ್ವಿ ಹನ್ನೊಂದಕ್ಕೆ. ಒಬ್ಬಳು ತಡ ಮಾಡಿದರೆ ಇನ್ನೊಬ್ಬಳು ಹೊರಗೆ ಧ್ವಜಕಂಬದ ಹತ್ತಿರ ನಿಂತು ಮೋಡ ನೋಡುವಳು. ಇಬ್ಬರ ಬೆನ್ನಿಗೂ ಎರಡೆರಡು ಬಾರಿಸಬೇಕು ಎನಿಸುತ್ತಿತ್ತು ನನಗೆ. ಡೇಲ್ ಸತ್ತಾಗ ಲೆಂಪಿ ಎಲ್ಲರಂತೆ ಒಲೆಯಲ್ಲಿ ಬೇಯಿಸಿದ ಅಡುಗೆ ಮಾಡಿ, ತಟ್ಟೆಯ ತಳಕ್ಕೆ ಹೆಸರಿನ ಪಟ್ಟಿ ಅಂಟಿಸಿ ಕಳಿಸಿದಳು. ಇಲ್ಲಿ ಅಂಥ ತಟ್ಟೆಯನ್ನು ಯಾರೂ ಬರಿದಾಗಿ ವಾಪಸ್ಸು ಕೊಡುವುದಿಲ್ಲ, ನಾಲ್ಕು ಬಿಸ್ಕತ್ತಾದರೂ ಇಡುತ್ತಾರೆ. ಹೆಲ್ವಿ ಅದನ್ನು ಫಳಫಳ ತೊಳೆದು, ಬರಿದಾಗಿ, ನನ್ನ ಕೌಂಟರಿನ ಮೇಲಿಟ್ಟು ಹೋದಳು. ಲೆಂಪಿ ತಟ್ಟೆ ತೆಗೆದುಕೊಂಡು ಅದರೊಳಗೆ ನೋಡಿ, ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಎರಡು ಸಾವಿರದ ಹದಿನೇಳರ ಚಳಿಗಾಲಕ್ಕೆ ಮುಂಚೆ ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ಎಂದರು. ಅದೇ ಹೊತ್ತಿಗೆ ಒಂದು ವಿಶ್ವವಿದ್ಯಾಲಯದ ಪ್ರಕಾಶನದವರು ಅವಳ ಆಯ್ದ ಪದ್ಯಗಳ ದೊಡ್ಡ ಪುಸ್ತಕ ತರುತ್ತೇವೆಂದು ಬರೆದರು. ಬದುಕಿರುವಾಗಲೇ ಅಂಥ ಪುಸ್ತಕ ಬರುವುದು ಪದ್ಯ ಬರೆಯುವ ಜಾತಿಯವರಿಗೆಲ್ಲ ಆಸೆಯಂತೆ. ಲೆಂಪಿಗೆ ಆಸೆ ಉಳಿದಿದ್ದದ್ದು ಒಂದೇ. ಅಕ್ಕ ಒಮ್ಮೆ ಬಂದು ಬಾಗಿಲು ತಟ್ಟಬೇಕು. ಅದನ್ನು ಅವಳು ಬಾಯಿಬಿಟ್ಟೇ ಹೇಳಿದಳು.

ನಾನು ಹೆಲ್ವಿಗೆ ಹೇಳಿದೆ. ಅವಳು ಅಂಚೆಚೀಟಿ ಕೊಳ್ಳುತ್ತಿದ್ದಳು.

"ನಿನ್ ತಂಗಿ ಹೆಚ್ಚು ದಿನ ಇರಲ್ಲ."

"ಗೊತ್ತು."

"ಹೋಗಿ ಬಾರೇ. ನಾಲ್ಕು ಮನೆ ದೂರ."

"ನನ್ ಕೈಲಾಗಲ್ಲ ಬರ್ನಿಸ್. ಚೀಟಿ ಕೊಡು."

ಎಂಥ ಕಲ್ಲು ಮನಸ್ಸಪ್ಪ ಇವಳದು ಎಂದುಕೊಂಡೆ. ಅವಳ ಮುಖ ನೋಡಿದ್ದರೆ ತಿಳಿಯುತ್ತಿತ್ತೋ ಏನೋ. ನಾನು ಚೀಟಿ ಹರಿಯುತ್ತಿದ್ದೆ.

ಮುಂದಿನ ವಸಂತದಲ್ಲಿ ಒಂದು ದಿನ ಲೆಂಪಿಯ ಮನೆಗೆ ಸೂಪು ಕೊಡಲು ಹೋದಾಗ ಅಡುಗೆಮನೆಯ ಮೇಜಿನ ತುಂಬ ಕಾಗದ. ಪುಸ್ತಕಕ್ಕೆ ಪದ್ಯ ಆರಿಸುತ್ತಿದ್ದಳು. ಮರದ ಪದ್ಯವೊಂದು ಮಾತ್ರ ಬೇರೆ ಕುರ್ಚಿಯ ಮೇಲಿತ್ತು.

"ಇದನ್ನ ಕೈಬಿಟ್ರೆ?" ಎಂದಳು.

"ಪ್ರಕಾಶನದವರು ಏನಂತಾರೆ?"

"ಅಲ್ಲಿನ ಸಂಪಾದಕ ಫೋನಲ್ಲಿ ಕೂಗಾಡಿದ. ಅದಿಲ್ದೆ ನಿನ್ನನ್ನ ಯಾರು ಗುರುತಿಸ್ತಾರೆ, ಮೊದಲನೇ ಪುಟಕ್ಕೇ ಅದೇ ಬೇಕು ಅಂತ. ನೀನು ಹೇಳು. ನೀನು ಪದ್ಯ ಬರೆಯೋಳಲ್ಲ, ನಿಂಗೆ ನ್ಯಾಯ ಕಾಣುತ್ತೆ."

ನಾನು ಯೋಚಿಸಲೂ ಇಲ್ಲ. ಇಷ್ಟು ವರ್ಷ ಆ ಇಬ್ಬರ ನಡುವೆ ನಿಂತು ನನಗೂ ಸಾಕಾಗಿತ್ತು. "ತೆಗೆದ್ಹಾಕು" ಎಂದೆ. "ಓಸ್ಕರ್ ಹೆಸರು ತೊಳೆದಾಯ್ತು, ಎಲ್ಲರಿಗೂ ಗೊತ್ತಾಯ್ತು. ಇನ್ನು ಅವಳನ್ನೂ ಬಿಟ್ಬಿಡು."

ಲೆಂಪಿ ತಲೆಯಾಡಿಸಿದಳು. ನನ್ನೆದುರಿಗೇ ಪಟ್ಟಿಯಲ್ಲಿ ಅದರ ಮೇಲೆ ಗೀಟು ಎಳೆದಳು. ಮೊದಲ ಪುಟದಲ್ಲಿ 'ಹೆಲ್ವಿಗೆ' ಎಂದು ಬರೆದಳು. ಮೊದಲ ಪ್ರತಿ ಪ್ರಕಾಶನದಿಂದ ನೇರ ಹೆಲ್ವಿಯ ವಿಳಾಸಕ್ಕೇ ಹೋಗಬೇಕೆಂದು ಕಾಗದ ಬರೆದಳು.

"ಈಗ್ಲೇ ಹೋಗಿ ಅವಳಿಗೆ ಹೇಳ್ಲಾ?" ಎಂದೆ.

"ಬೇಡ. ಹೇಳಿದ್ರೆ ವ್ಯಾಪಾರ ಮಾಡ್ದಂಗೆ ಆಗುತ್ತೆ. ಅವಳೇ ಪುಸ್ತಕ ತೆಗ್ದು ನೋಡ್ಲಿ. ಇಲ್ಲ ಅಂತ ಗೊತ್ತಾದ ದಿನ ಬರ್ತಾಳೆ."

ಪುಸ್ತಕ ಅಚ್ಚಾಗಲು ಅವರು ತೆಗೆದುಕೊಳ್ಳುವಷ್ಟು ಕಾಲ ಅವಳ ದೇಹಕ್ಕೆ ಇರಲಿಲ್ಲ. ಹತ್ತೊಂಬತ್ತರ ಫೆಬ್ರವರಿಯಲ್ಲಿ, ತನ್ನದೇ ಹಾಸಿಗೆಯಲ್ಲಿ, ಬೆಳಗ್ಗೆ ಒಂಬತ್ತಕ್ಕೆ ಹೋದಳು. ಕೊನೆಯ ವಾರ ಬಾಗಿಲ ಕಡೆಗೆ ಮುಖ ಮಾಡಿ ಮಲಗಿಸು ಎಂದಿದ್ದಳು. ಯಾರಾದರೂ ಮೆಟ್ಟಿಲು ಹತ್ತಿದರೆ, "ಪುಸ್ತಕ ಬಂತಾ?" ಎಂದು ಕೇಳುವಳು. ಇಲ್ಲ ಕಣೇ ಎಂದು ನಾನೇ ದಿನಾ ಹೇಳಿದೆ. ಅಂತ್ಯಕ್ರಿಯೆಯ ದಿನ ಹೆಲ್ವಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ಕಾಫಿಗೆ ನಿಲ್ಲದೆ ಹೋದಳು.

ಹದಿನೇಳು ದಿನದ ಮೇಲೆ ಪುಸ್ತಕ ಬಂತು. ಹನ್ನೊಂದಕ್ಕೆ ಹೆಲ್ವಿ ಬಂದಳು. ಪೊಟ್ಟಣ ಕೊಟ್ಟೆ. ಕೌಂಟರಿನ ಮುಂದೆಯೇ ನಿಂತು ಒಡೆದಳು. ರಟ್ಟಿನ ಮೇಲೆ ಲೆಂಪಿಯ ಹೆಸರು ದಪ್ಪ ಅಕ್ಷರದಲ್ಲಿತ್ತು. 'ಹೆಲ್ವಿಗೆ' ಎಂಬುದನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಪರಿವಿಡಿ ತೆಗೆದು ಬೆರಳಿಟ್ಟು ಕೆಳಗಿನವರೆಗೆ ಬಂದಳು. ಮತ್ತೆ ಮೇಲಿನಿಂದ ಬಂದಳು. ಪುಟಗಳನ್ನು ಒಂದೊಂದಾಗಿ ತಿರುವಿದಳು.

"ಎಲ್ಲಿ ಅದು?" ಎಂದಳು.

"ತೆಗೆದುಬಿಟ್ಲು. ನಿಂಗೋಸ್ಕರ" ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಹೇಳಲಾರೆ. "ನಾನೇ ಹೇಳ್ದೆ ತೆಗಿ ಅಂತ."

ಹೆಲ್ವಿ ಪುಸ್ತಕ ಮುಚ್ಚಿ ಕೌಂಟರಿನ ಮೇಲಿಟ್ಟಳು.

"ಅದ್ರಲ್ಲಿ ಅವನು ನಗ್ತಾನೆ ಬರ್ನಿಸ್" ಎಂದಳು. "ಟೋಪಿ ಕೊಡವಿ ನಗ್ತಾನೆ. ನಮ್ಮನೇಲಿ ಅವನ ಒಂದು ಫೋಟೋನಲ್ಲೂ ನಗು ಇಲ್ಲ. ಆ ಪದ್ಯದಲ್ಲಿ ಮಾತ್ರ. ಆ ಹಳೇ ಪುಸ್ತಕ ತೆಗ್ದು ದಿನಾ ಬೆಳಗ್ಗೆ ಓದ್ತೀನಿ, ಇಪ್ಪತ್ತಮೂರು ವರ್ಷದಿಂದ. ನೀವಿಬ್ರೂ ಸೇರಿ ಅವನನ್ನ ಮತ್ತೆ ನೀರಿಗೆ ಹಾಕಿದ್ರಿ."

ನಾನು ಕೇಳಿದೆ: "ಮತ್ತೆ ಸಿಟ್ಟು? ಅವಳ ಮೇಲೆ ನಿಂಗೆ..."

"ಸಿಟ್ಟು ಮೊದಲನೇ ವರ್ಷಕ್ಕೇ ಮುಗೀತು. ಅವಳು ಬರೆದದ್ದೆಲ್ಲ ನಿಜ ಅಲ್ವಾ? ಅಪ್ಪ ಬದುಕಿರೋವರೆಗೂ ಬಾಯಿ ಬಿಡದೇ ಇದ್ದೋಳು ನಾನು. ಯಾವ ಮುಖ ಇಟ್ಕೊಂಡು ಅವಳ ಮನೆಗೆ ಹೋಗ್ಲಿ? ತಟ್ಟೆ ವಾಪಸ್ ಕೊಡೋವಾಗ ಏನು ಇಡೋದು ಅಂತ ಎರಡು ದಿನ ಯೋಚನೆ ಮಾಡ್ದೆ. ಏನಿಟ್ರೂ ಸಾಲಲ್ಲ ಅನ್ನಿಸ್ತು."

ಹೆಲ್ವಿ ಬರಲಿ ಎಂದು ಲೆಂಪಿ, ಲೆಂಪಿ ಕ್ಷಮಿಸಲಿ ಎಂದು ಹೆಲ್ವಿ. ನಡುವೆ ನಾನು, ಎಲ್ಲ ಗೊತ್ತಿದ್ದವಳ ಹಾಗೆ. ಲಕೋಟೆ ಒಡೆಯದೆ ಸುದ್ದಿ ಓದಿ ರೂಢಿಯಾದವಳು ಮನುಷ್ಯರನ್ನೂ ಹಾಗೇ ಓದಿದೆ. ಒಮ್ಮೆ, ಒಂದೇ ಒಮ್ಮೆ, ನಿನಗೆ ಆ ಪದ್ಯ ಹೇಗನಿಸುತ್ತದೆ ಎಂದು ಹೆಲ್ವಿಯನ್ನು ಕೇಳಿದ್ದರೆ ಸಾಕಿತ್ತು. ಲೆಂಪಿ ಬಾಗಿಲ ಕಡೆ ಮುಖ ಮಾಡಿ ಸಾಯಬೇಕಿರಲಿಲ್ಲ.

ಹೆಲ್ವಿ ಕೌಂಟರಿಗೆ ಸರಪಳಿ ಕಟ್ಟಿದ್ದ ಪೆನ್ನು ಎಳೆದುಕೊಂಡಳು. ಪುಸ್ತಕದ ಕೊನೆಯ ಖಾಲಿ ಹಾಳೆ ತೆಗೆದು, ನಿಂತಲ್ಲೇ ಬರೆಯತೊಡಗಿದಳು. ಯಾವ ಪುಸ್ತಕವನ್ನೂ ನೋಡಲಿಲ್ಲ, ಎಲ್ಲೂ ತಡೆಯಲಿಲ್ಲ. ಹಿಂದೆ ಮೂವರು ಬಂದು ನಿಂತರು. ಯಾರೂ ಅವಸರ ಮಾಡಲಿಲ್ಲ. ಆರ್ವೋ ಬಂದ, ಟೋಪಿ ಕೊಡವಿದ, ನಕ್ಕ. ಅಡುಗೆಮನೆ ಬಂತು, ಬಾಗಿಲಲ್ಲಿ ಹುಡುಗ ಬಂದ, ಹಿಮ ಬಂತು. ತನ್ನ ಹೆಸರಿನ ಸಾಲು ಬಂದಾಗ ಬಿಡುತ್ತಾಳೇನೋ ಎಂದು ನಾನು ನೋಡುತ್ತಿದ್ದೆ. ಅವಳು ಅದನ್ನೂ ಬರೆದಳು, ಒಂದೊಂದೇ ಅಕ್ಷರ ಒತ್ತಿ.

ಪೆನ್ನು ಇಟ್ಟು, ಮಸಿ ಒಣಗುವವರೆಗೆ ಹಾಳೆಯ ಮೇಲೆ ಊದಿದಳು.

"ನಂಗೆ ಬಾಯಿಪಾಠ ಬರುತ್ತೆ ಅಂತ ಅವಳಿಗೆ ಗೊತ್ತಿತ್ತಾ?" ಎಂದು ಕೇಳಿದಳು.

ಇಲ್ಲ ಎಂದೆ.